ಅಚ್ಚುಕಟ್ಟು ಪ್ರದೇಶದ ಅಡ್ಡಾದಿಡ್ಡಿಗಳು

ಓರಣಕ್ಕೆ ಕನ್ನಡದಲ್ಲಿ ಪದಗಳು ಕಮ್ಮಿ. ಓರಣ, ಒಪ್ಪ, ಚೊಕ್ಕಟ, ಅಚ್ಚುಕಟ್ಟು ಅನ್ನುವಷ್ಟರಲ್ಲಿ ಉಸಿರು ಕಟ್ಟಿ, ನೀಟು ಅಂತ ಸಾಲ ತರಬೇಕಾಗುತ್ತದೆ. ಅದೇ ಎದುರು ಪಕ್ಷದ ಸಂಸಾರ ನೋಡಿ: ಚೆಲ್ಲಾಪಿಲ್ಲಿ, ಅಸ್ತವ್ಯಸ್ತ, ಅಂಡಬಂಡ, ಎರ್ರಾಬಿರ್ರಿ, ಬೇಕಾಬಿಟ್ಟಿ, ಅಂಕುಡೊಂಕು, ಹಾಳುಮೂಳು, ಅಧ್ವಾನ, ಅವಾಂತರ. ಇವುಗಳಲ್ಲಿ ಬಹುಪಾಲು ಒಂಟಿಯಾಗಿ ಓಡಾಡುವುದಿಲ್ಲ, ಜೋಡಿಯಾಗಿಯೇ ಬರುತ್ತವೆ. ವ್ಯಾಕರಣದವರು ಇದಕ್ಕೆ ಜೋಡುನುಡಿ ಎಂದು ಹೆಸರಿಟ್ಟು ಸುಮ್ಮನಾದರು. ಕಾರಣ ಊರಿನವರಿಗೆ ಗೊತ್ತು. ಗಲೀಜು ಒಬ್ಬನಿಂದ ಆಗುವ ಕೆಲಸವಲ್ಲ. ಮಾಡುವವನೊಬ್ಬ ಬೇಕು, ನೋಡಿಕೊಂಡು ಸುಮ್ಮನಿರುವವನು ಇನ್ನೊಬ್ಬ ಬೇಕು.

ಈ ಸಂಸಾರದ ಹಿರಿಯಣ್ಣ ಅಡ್ಡಾದಿಡ್ಡಿ. ಇದರ ಹೆಚ್ಚುಗಾರಿಕೆ ಏನೆಂದರೆ, ವಸ್ತುವಿಗೂ ಸೈ ಮನುಷ್ಯನಿಗೂ ಸೈ. ಬಾಗಿಲ ಮುಂದೆ ಬಿದ್ದ ಚಪ್ಪಲಿ ಅಡ್ಡಾದಿಡ್ಡಿ, ಆ ಚಪ್ಪಲಿ ಬಿಟ್ಟು ಒಳಗೆ ಹೋದ ಮಗನ ನಡತೆಯೂ ಅಡ್ಡಾದಿಡ್ಡಿ. ಬೈಕು ನಿಲ್ಲಿಸಿದ್ದು ಅಡ್ಡಾದಿಡ್ಡಿ, ಓಡಿಸಿದ್ದು ಅಡ್ಡಾದಿಡ್ಡಿ, ಹಿಡಿದು ಕೇಳಿದರೆ ಆಡಿದ ಮಾತೂ ಅಡ್ಡಾದಿಡ್ಡಿ. ಅಸ್ತವ್ಯಸ್ತಕ್ಕೆ ಇಷ್ಟು ಸಾಮರ್ಥ್ಯವಿಲ್ಲ. ಅದು ಪತ್ರಿಕೆಯಲ್ಲಿ ಓದುವ ಪದ, ಬಾಯಲ್ಲಿ ಬೈಯುವ ಪದವಲ್ಲ. ದಾವಣಗೆರೆಯ ಯಾವ ತಾಯಿಯೂ ಮಗನಿಗೆ ‘ಅಸ್ತವ್ಯಸ್ತ ಆಗ್ಬ್ಯಾಡಲೇ’ ಎಂದು ಬೈದದ್ದನ್ನು ನಾನು ಕೇಳಿಲ್ಲ.

ಇಷ್ಟು ಕೆಲಸ ಮಾಡುವ ಪದಕ್ಕೆ ಒಂದೇ ಒಂದು ಕಡೆ ಪ್ರವೇಶವಿಲ್ಲ: ಉತ್ತಮ ಪುರುಷಕ್ಕೆ. ನೀನು ಅಡ್ಡಾದಿಡ್ಡಿ, ಅವನು ಅಡ್ಡಾದಿಡ್ಡಿ, ಅವರಂತೂ ಮೂರು ತಲೆಮಾರಿನಿಂದ ಅಡ್ಡಾದಿಡ್ಡಿ. ಆದರೆ ‘ನಾನು ಗಾಡಿ ಅಡ್ಡಾದಿಡ್ಡಿ ನಿಲ್ಲಿಸಿದೀನಿ’ ಎಂದು ಹೇಳಿದವರು ಈ ಜಿಲ್ಲೆಯಲ್ಲಿ ಇನ್ನೂ ಹುಟ್ಟಬೇಕು. ನಾನು ನಿಲ್ಲಿಸಿದ್ದಕ್ಕೆ ಬೇರೆ ಹೆಸರಿದೆ. ‘ಐದೇ ನಿಮಿಷ ಸಾರ್, ಬಂದ್ಬಿಟ್ಟೆ.’

ಪದಕ್ಕೆ ಇನ್ನೊಂದು ಗುಣವೂ ಇದೆ, ನಿಘಂಟಿನವರು ಬರೆಯದೆ ಬಿಟ್ಟದ್ದು. ಆಳು ನೋಡಿ ಮಣೆ ಹಾಕುವುದು ಅದಕ್ಕೆ ಚೆನ್ನಾಗಿ ಗೊತ್ತು. ಪರೀಕ್ಷೆ ಮಾಡಬೇಕಾದರೆ ಸಂಜೆ ಆರರ ಮೇಲೆ ಮಂಡಿಪೇಟೆ, ಚೌಕಿಪೇಟೆ ಕಡೆ ಒಂದು ಸುತ್ತು ಹಾಕಿ ಬನ್ನಿ. ಒಂದು ಮಂಡಕ್ಕಿ ಮಿರ್ಚಿಯ ತಳ್ಳುಗಾಡಿ ರಸ್ತೆಯಂಚಿನಲ್ಲಿ ನಿಂತಿದೆ, ಎಣ್ಣೆ ಕಾದಿದೆ, ಮೆಣಸಿನಕಾಯಿ ಹಿಟ್ಟಿನಲ್ಲಿ ಮುಳುಗಿ ಕಾಯುತ್ತಿದೆ. ಪಕ್ಕದಲ್ಲೇ, ಅದರ ನಾಲ್ಕು ಪಟ್ಟು ಜಾಗ ಹಿಡಿದು, ಅರ್ಧ ರಸ್ತೆಗೆ ಬೆನ್ನು ಕೊಟ್ಟು ಒಂದು ಬಿಳಿ ಕಾರು ನಿಂತಿದೆ. ಪೊಲೀಸ್ ಜೀಪು ಬರುತ್ತದೆ. ಮೈಕು ಮೊದಲು ತಳ್ಳುಗಾಡಿಯ ಕಡೆ ತಿರುಗುತ್ತದೆ: ‘ಏಯ್, ಅಡ್ಡಾದಿಡ್ಡಿ ನಿಲ್ಸಿದ್ಯಲ್ಲೋ, ತೆಗಿಯೋ ಅದನ್ನ!’ ಅದೇ ಮೈಕು ಕಾರಿನ ಕಡೆ ಹೊರಳುವಷ್ಟರಲ್ಲಿ ಸಕ್ಕರೆ ತಿಂದಿರುತ್ತದೆ: ‘ಬಿಳಿ ಗಾಡಿ ಓನರ್ ಯಾರ್ರೀ ಸಾರ್, ಸ್ವಲ್ಪ ಮುಂದಕ್ಕೆ ತಗೊಳ್ರಿ.’ ಗಾಡಿಯವನಿಗೆ ಕ್ರಿಯಾವಿಶೇಷಣ, ಕಾರಿನವನಿಗೆ ಬಹುವಚನ.

ಇದರಲ್ಲಿ ನಗುವ ವಿಷಯ ಬೇರೆ ಇದೆ. ತಳ್ಳುಗಾಡಿಯವನು ಅಲ್ಲಿ ನಿಲ್ಲುವುದಕ್ಕೆ ಸಂಸತ್ತು ಮಾಡಿದ ಕಾನೂನೊಂದು ಇದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ. ಪಟ್ಟಣ ಮಾರಾಟ ಸಮಿತಿ ಕೂರಬೇಕು, ಸಮೀಕ್ಷೆ ಆಗಬೇಕು, ಪ್ರಮಾಣಪತ್ರ ಕೊಡಬೇಕು, ಅಲ್ಲಿಯತನಕ ಎಬ್ಬಿಸುವ ಹಾಗಿಲ್ಲ ಅನ್ನುತ್ತದೆ ಅದು. ಬಿಳಿ ಕಾರು ಅಡ್ಡ ನಿಲ್ಲುವುದಕ್ಕೆ ಮಾತ್ರ ಯಾವ ಕಾಯ್ದೆಯ ಯಾವ ಕಲಮೂ ಇಲ್ಲ. ಕಾನೂನು ಇರುವವನು ಅಡ್ಡಾದಿಡ್ಡಿ, ಇಲ್ಲದವನು ಸಾರ್.

ಮನುಷ್ಯರ ವಿಷಯಕ್ಕೆ ಬಂದರೂ ಇದೇ ತೂಕ, ಇದೇ ತಕ್ಕಡಿ. ನಮ್ಮ ಕಡೆ ಉಡಾಳ ಅಂತ ಒಂದು ಮುದ್ದಾದ ಪದವಿದೆ, ಅಡ್ನಾಡಿ ಅಂತ ಅದಕ್ಕಿಂತ ಖಾರದ್ದು ಇನ್ನೊಂದು. ಗ್ಯಾರೇಜಿನಲ್ಲಿ ಕೆಲಸ ಮಾಡುವ ಹುಡುಗ ಸೈಲೆನ್ಸರ್ ತೆಗೆದು ಹದಡಿ ರಸ್ತೆಯಲ್ಲಿ ಬೈಕು ಹಾರಿಸಿದರೆ ಉಡಾಳ. ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ, ಅದಕ್ಕಿಂತ ಎರಡು ಚಕ್ರ ಹೆಚ್ಚಿರುವ ಗಾಡಿಯಲ್ಲಿ ಸಾವ್ಕಾರರ ಮಗ ಹೋದರೆ ‘ಹುಡುಗ ಸ್ವಲ್ಪ ಜೋರಿದಾನ್ರಿ, ಮದುವೆ ಆದ್ರೆ ಸರಿ ಹೋಗ್ತಾನೆ’. ಗ್ಯಾರೇಜಿನ ಹುಡುಗನಿಗೆ ಠಾಣೆ, ಇವನಿಗೆ ಕನ್ಯೆ.

ಇನ್ನು ಪದದ ಹುಟ್ಟಿನ ವಿಷಯ. ಜೋಡುನುಡಿಯಲ್ಲಿ ಎರಡನೆಯ ಭಾಗಕ್ಕೆ ಅರ್ಥ ಇರಲೇಬೇಕೆಂದಿಲ್ಲ, ಮೊದಲಿನದರ ಪ್ರತಿಧ್ವನಿಯಾಗಿ ಬಂದರೂ ಸಾಕು. ಪಂಡಿತರು ಹಾಗೆಂದೇ ಹೇಳಿ ದಿಡ್ಡಿಯನ್ನು ಬಿಟ್ಟುಬಿಟ್ಟಾರು. ನಾನು ಪಂಡಿತನಲ್ಲ, ಪಾಲಿಕೆಗೆ ಕಂದಾಯ ಕಟ್ಟುವವನು. ನನಗೆ ದಿಡ್ಡಿ ಅಂದರೆ ಕೋಟೆಯ ಹೆಬ್ಬಾಗಿಲ ಮಗ್ಗುಲಲ್ಲೋ ಹಿಂದೋ ಇರುವ ಸಣ್ಣ ಬಾಗಿಲು. ಹೆಬ್ಬಾಗಿಲು ಮುಚ್ಚಿದ ಮೇಲೆ ಬೇಕಾದವರು ನುಸಿಯುವುದು ಅದರಲ್ಲಿ. ಹೀಗೆ ಅಡ್ಡದಾರಿಯಲ್ಲಿ ಬಂದು ದಿಡ್ಡಿ ಬಾಗಿಲಲ್ಲಿ ಒಳಗೆ ಹೋಗುವುದಕ್ಕೆ ಅಡ್ಡಾದಿಡ್ಡಿ. ವ್ಯುತ್ಪತ್ತಿ ತಪ್ಪೇ ಇರಬಹುದು, ಆದರೆ ಯಾವ ಕಚೇರಿಯಲ್ಲಾದರೂ ಒಂದು ಖಾತೆ ಬದಲಾವಣೆಗೆ ಅರ್ಜಿ ಹಾಕಿ ನೋಡಿ. ಟಪಾಲಿನ ಮೂಲಕ ನೇರವಾಗಿ ಹೋದ ಕಾಗದ ಮೂರು ತಿಂಗಳು ಮೇಜಿನ ಕೆಳಗೆ ಮಲಗಿರುತ್ತದೆ. ಕಚೇರಿಯೆದುರಿನ ಜೆರಾಕ್ಸ್ ಅಂಗಡಿಯವನ ಮುಖಾಂತರ ಹೋದದ್ದು ಮೂರು ದಿನಕ್ಕೆ ಸಹಿಯಾಗಿ ಬರುತ್ತದೆ. ನೇರ ಹೋದವನ ಮೇಲೆಯೇ ಗುಮಾಸ್ತರ ಆಕ್ಷೇಪಣೆ: ‘ಹಿಂಗೆ ಅಡ್ಡಾದಿಡ್ಡಿ ಬರಕಂಡ್ ಬಂದ್ರೆ ಹೆಂಗ್ರಿ ಯಜಮಾನ್ರೇ?’

ಸರ್ಕಾರಕ್ಕೆ ಈ ಪದ ಹಿಡಿಸುವುದಿಲ್ಲ. ಅದು ತನ್ನದೇ ಜೋಡುನುಡಿ ಮಾಡಿಕೊಂಡಿದೆ: ಅಕ್ರಮ-ಸಕ್ರಮ. ಕನ್ನಡಕ್ಕೆ ವಿಧಾನಸೌಧದ ಕೊಡುಗೆಗಳಲ್ಲಿ ಇದರ ಸಾಟಿ ಇನ್ನೊಂದಿಲ್ಲ. ನಡುವಿನ ಆ ಸಣ್ಣ ಗೆರೆಯಲ್ಲಿ ಇಡೀ ಆಡಳಿತಶಾಸ್ತ್ರ ಅಡಗಿದೆ. ಗೆರೆಯ ಎಡಕ್ಕೆ ಇರುವುದು ತಪ್ಪು, ಬಲಕ್ಕೆ ಇರುವುದು ಅದೇ ತಪ್ಪು ಮತ್ತು ಒಂದು ರಸೀತಿ. ನಗರಗಳ ಅಕ್ರಮ ಕಟ್ಟಡಗಳನ್ನು ಸಕ್ರಮ ಮಾಡುವ ಯೋಜನೆಗೆ 2017ರಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ತಡೆ ಬಿದ್ದದ್ದು ಸಕ್ರಮಕ್ಕೆ, ಅಕ್ರಮಕ್ಕಲ್ಲ. ಅದು ತನ್ನ ಪಾಡಿಗೆ ಒಂದು ಮಹಡಿಯ ಮೇಲೆ ಇನ್ನೊಂದು ಮಹಡಿ ಏರಿಸುತ್ತ ಬಂತು. 2025ರಲ್ಲಿ ಬಿ-ಖಾತಾ ಅಭಿಯಾನ ಬಂದು, ನಕ್ಷೆಯಿಲ್ಲದೆ ಎದ್ದ ಬಡಾವಣೆಗಳಿಗೂ ಒಂದು ಅಕ್ಷರ ದಾನ ಮಾಡಿತು. ಎ ಅಲ್ಲದಿದ್ದರೆ ಬಿ. ವರ್ಣಮಾಲೆಯಲ್ಲಿ ಇನ್ನೂ ಇಪ್ಪತ್ನಾಲ್ಕು ಉಳಿದಿವೆ. ಬಡಾವಣೆ ಮಾಡುವವರು ಧೈರ್ಯವಾಗಿರಬಹುದು.

ದಾವಣಗೆರೆಯ ಮಟ್ಟಿಗೆ ಅಚ್ಚುಕಟ್ಟಿನ ಸುವರ್ಣಯುಗ ಶುರುವಾದ ತಾರೀಕು ಸರ್ಕಾರಿ ಕಾಗದದಲ್ಲೇ ಇದೆ. 2016ರ ಜನವರಿ 28ರಂದು ಕೇಂದ್ರ ಸರ್ಕಾರ ಮೊದಲ ಹಂತದ 20 ಸ್ಮಾರ್ಟ್ ಸಿಟಿಗಳನ್ನು ಪ್ರಕಟಿಸಿದಾಗ ಕರ್ನಾಟಕದಿಂದ ಪಾಸಾದವು ಎರಡೇ: ಬೆಳಗಾವಿ ಮತ್ತು ದಾವಣಗೆರೆ. ರಾಜಧಾನಿಗೇ ಸಿಗದ ಭಾಗ್ಯ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡು, ಗಿರಣಿ ಮುಚ್ಚಿದ ಮೇಲೆ ವಿದ್ಯಾಕಾಶಿ ಅನ್ನಿಸಿಕೊಂಡು, ಬೆಂಗಳೂರಿನ ಬೋರ್ಡುಗಳಲ್ಲಿ ಬೆಣ್ಣೆ ದೋಸೆಯಾಗಿ ಬದುಕಿದ್ದ ಊರಿಗೆ ಮತ್ತೊಂದು ಬಿರುದು. ಅಂದಿನಿಂದ ರಸ್ತೆ ಅಗೆಯುವುದಕ್ಕೆ ಒಂದು ಘನತೆ ಬಂತು. ಮೊದಲೂ ಅಗೆಯುತ್ತಿದ್ದರು, ಆದರೆ ಅದು ಬರೀ ಅಗೆತ. ಈಗ ಅದು ಕಾಮಗಾರಿ ಪ್ರಗತಿ. ಒಳಚರಂಡಿಗೆಂದು ಅಗೆದರು, ಮುಚ್ಚಿದರು. ಇಪ್ಪತ್ನಾಲ್ಕು ಗಂಟೆ ನೀರು ಕೊಡುವ ಜಲಸಿರಿಗೆಂದು ಅಗೆದರು, ಮುಚ್ಚಿದರು. ಅಡುಗೆ ಅನಿಲದ ಕೊಳವೆಗೆಂದು ಅಗೆದರು, ಕೇಬಲ್ಲಿಗೆಂದು ಅಗೆದರು. ಮುಚ್ಚಿದ ಮೇಲೆ ಕಾಂಕ್ರೀಟು ಹಾಕಿದರು, ಹಾಕಿದ ಮೇಲೆ ಏನೋ ನೆನಪಾಯಿತು. ಪ್ರತಿ ಬೀದಿಯಲ್ಲೂ ಒಬ್ಬ ಹಿರಿಯರಿರುತ್ತಾರೆ, ಜೆಸಿಬಿ ಬಂದಾಗಲೆಲ್ಲ ಅದು ಯಾವ ಇಲಾಖೆಯದೆಂದು ಮಾತ್ರ ಕೇಳಿ, ಚಹ ಕುಡಿಯಲು ಒಳಗೆ ಹೋಗುತ್ತಾರೆ.

ಗುಂಡಿ ವೃತ್ತದ ವಿಷಯವನ್ನು ಇಲ್ಲೇ ಸ್ಪಷ್ಟ ಮಾಡಿಬಿಡಬೇಕು. ಹೊರಗಿನವರು ಆ ಹೆಸರು ಕೇಳಿ ಮುಸಿಮುಸಿ ನಗುತ್ತಾರೆ. ಅದು ಗುಂಡಿ ಮಹಾದೇವಪ್ಪನವರ ಹೆಸರಿನ ವೃತ್ತ, ಗುಂಡಿ ಅನ್ನುವುದು ಗೌರವದ ಮನೆತನದ ಹೆಸರು, ರಸ್ತೆಯ ಸ್ಥಿತಿಗೂ ಅದಕ್ಕೂ ಸಂಬಂಧವಿಲ್ಲ. ಊರಿನ ಉಳಿದ ವೃತ್ತಗಳು ಮಹಾತ್ಮರ, ಜಗದ್ಗುರುಗಳ ಹೆಸರು ಇಟ್ಟುಕೊಂಡೂ ಗುಂಡಿ ಅನ್ನುವ ಹೆಸರಿಗೆ ಅರ್ಹವಾಗಲು ಮಳೆಗಾಲದುದ್ದಕ್ಕೂ ಪ್ರಯತ್ನ ಪಡುತ್ತವೆ ಅನ್ನುವುದು ಬೇರೆ ಮಾತು.

ಅಡ್ಡಾದಿಡ್ಡಿ ವಿದ್ಯೆಗೆ ದಶಕಗಳ ಕಾಲ ಗುರುಕುಲವಾಗಿದ್ದದ್ದು ಅಶೋಕ ಟಾಕೀಸಿನ ಪಕ್ಕದ ರೈಲ್ವೆ ಗೇಟು. ಬೆಂಗಳೂರು-ಹುಬ್ಬಳ್ಳಿ ಮಾರ್ಗದ ರೈಲು ಊರಿನ ಹೊಟ್ಟೆಯ ಮೇಲೇ ಹಾದುಹೋಗುತ್ತದೆ. ಗೇಟು ಬಿದ್ದ ಕ್ಷಣಕ್ಕೆ ಈಚೆ ಕಡೆಯವರು ರಸ್ತೆಯ ಎಡಗಡೆ ತುಂಬಿಸಿ, ಬಲಗಡೆಯನ್ನೂ ತುಂಬಿಸಿ, ಗೇಟಿಗೆ ಮೂಗು ತಾಗಿಸಿ ನಿಲ್ಲುತ್ತಿದ್ದರು. ಆಚೆ ಕಡೆಯವರೂ ತದ್ವತ್. ರೈಲು ಹೋಗಿ ಗೇಟು ಎದ್ದಾಗ ಎರಡು ಸೈನ್ಯಗಳು ಎದುರುಬದುರು, ಮಧ್ಯೆ ಹಳಿ. ಎರಡೂ ಕಡೆಯವರು ಒಬ್ಬರನ್ನೊಬ್ಬರು ನೋಡಿ ಒಟ್ಟಿಗೇ ಕೂಗುತ್ತಿದ್ದ ಪದ ಯಾವುದೆಂದು ಹೇಳಬೇಕಾಗಿಲ್ಲ.

ಇದೆಲ್ಲ ಚಿಲ್ಲರೆ. ಸಗಟು ವ್ಯಾಪಾರಕ್ಕೆ ಬೇರೆ ಶಬ್ದಕೋಶವಿದೆ. 2022ರ ಆಗಸ್ಟ್ 3ರಂದು ಸಿದ್ದರಾಮಯ್ಯನವರ 75ನೇ ಹುಟ್ಟುಹಬ್ಬಕ್ಕೆ ಇಡೀ ರಾಜ್ಯ ದಾವಣಗೆರೆಗೆ ಬಂತು. ಹೆದ್ದಾರಿಯಲ್ಲಿ ವಾಹನಗಳು ಗಂಟೆಗಟ್ಟಲೆ ನಿಂತಲ್ಲೇ ನಿಂತವು, ಎಷ್ಟೋ ಜನ ಬಸ್ಸಿಳಿದು ಮೈಲಿಗಟ್ಟಲೆ ನಡೆದರು, ಇನ್ನೆಷ್ಟೋ ಜನಕ್ಕೆ ವೇದಿಕೆಯ ದರ್ಶನವೇ ಆಗಲಿಲ್ಲ. ಅದಕ್ಕೆ ಯಾರಾದರೂ ಅಡ್ಡಾದಿಡ್ಡಿ ಅಂದರೇ? ಇಲ್ಲ. ಜನಸಾಗರ ಅಂದರು, ಅಭೂತಪೂರ್ವ ಅಂದರು. ಮರುವರ್ಷ ಮಾರ್ಚ್ 25ರಂದು ಪ್ರಧಾನಿ ಮೋದಿಯವರನ್ನು ಕರೆಸಿ ಬಿಜೆಪಿ ತನ್ನ ವಿಜಯ ಸಂಕಲ್ಪ ಯಾತ್ರೆಯ ಸಮಾರೋಪ ಮಾಡಿದ್ದೂ ಇದೇ ಊರಿನಲ್ಲಿ. ಅದಕ್ಕೆ ಮಹಾಸಂಗಮ ಎಂದು ಹೆಸರು. ಎರಡು ಪಕ್ಷಗಳಿಗೂ ದಾವಣಗೆರೆ ಇಷ್ಟವಾಗುವುದಕ್ಕೆ ರಾಜ್ಯದ ನಡುಮಧ್ಯದಲ್ಲಿದೆ ಎಂಬ ಭೂಗೋಳದ ಕಾರಣ ಕೊಡುತ್ತಾರೆ. ತಳ್ಳುಗಾಡಿಯವನು ನಡುರಸ್ತೆಯ ಬಗ್ಗೆ ಇದೇ ಕಾರಣ ಕೊಟ್ಟರೆ ಮಾತ್ರ ಯಾರೂ ಒಪ್ಪುವುದಿಲ್ಲ.

ಈಗ ಹರಿಹರಕ್ಕೆ ಹೋಗೋಣ, ಹದಿನಾಲ್ಕು-ಹದಿನೈದು ಕಿಲೋಮೀಟರು. ಓರಣ ಮತ್ತು ಅಡ್ಡಾದಿಡ್ಡಿಯ ವಿಷಯದಲ್ಲಿ ಇದಕ್ಕಿಂತ ಪ್ರಮಾಣವಾದ ಕ್ಷೇತ್ರ ಇನ್ನೊಂದಿಲ್ಲ. ಹೊಯ್ಸಳರ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯದಲ್ಲಿ ಒಂದೇ ಕಲ್ಲಿನಲ್ಲಿ ಇಬ್ಬರು ನಿಂತಿದ್ದಾರೆ. ಬಲಕ್ಕೆ ಹರ: ಜಟೆ, ಬೂದಿ, ಸ್ಮಶಾನದ ವಿಳಾಸ, ಮೈಮೇಲೆ ಹಾವು, ಜೊತೆಗೆ ಭೂತಗಣ. ಇವತ್ತಿನ ಯಾವ ಅಪಾರ್ಟ್‌ಮೆಂಟಿನವರೂ ಬಾಡಿಗೆಗೆ ಮನೆ ಕೊಡುವಂಥ ಆಸಾಮಿಯಲ್ಲ. ಎಡಕ್ಕೆ ಹರಿ: ಕಿರೀಟ, ಪೀತಾಂಬರ, ಎಲ್ಲ ಒಪ್ಪ ಓರಣ, ಅಲಂಕಾರಪ್ರಿಯ ಎಂದೇ ಹೆಸರಾದವನು. ಒಂದು ಮೈಯಲ್ಲಿ ಇಬ್ಬರೂ ಎಂಟುನೂರು ವರ್ಷದಿಂದ ಇದ್ದಾರೆ. ಹರಿ ಒಮ್ಮೆಯಾದರೂ ಪಕ್ಕಕ್ಕೆ ತಿರುಗಿ ‘ಏನಯ್ಯಾ ಇದು ಅಡ್ಡಾದಿಡ್ಡಿ, ತಲೆ ಬಾಚಿಕೊಳ್ಳಬಾರದೇ’ ಎಂದ ದಾಖಲೆ ಯಾವ ಶಾಸನದಲ್ಲೂ ಇಲ್ಲ.

ಸ್ಥಳಪುರಾಣ ಇನ್ನೂ ಸ್ವಾರಸ್ಯದ್ದು. ಗುಹಾಸುರ ಎಂಬವನು ಬ್ರಹ್ಮನಿಂದ ವರ ಪಡೆದಿದ್ದ: ಹರಿಯಿಂದಲೂ ಸಾವು ಬರಬಾರದು, ಹರನಿಂದಲೂ ಬರಬಾರದು. ರಕ್ಕಸ ಕಾನೂನು ಓದಿಕೊಂಡವನೇ ಇರಬೇಕು. ಎರಡು ಇಲಾಖೆಗಳ ನಡುವಿನ ಸಂದಿಯನ್ನು ಹುಡುಕಿ ಅದರಲ್ಲಿ ಮನೆ ಕಟ್ಟಿದ. ದೇವತೆಗಳು ಹರಿಯ ಬಳಿ ಅರ್ಜಿ ಕೊಟ್ಟರೆ ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’, ಹರನ ಬಳಿ ಕೊಟ್ಟರೆ ‘ಅಲ್ಲಿ ಕೇಳಿ’. ಆ ಕಾಲದ ದೇವರುಗಳಿಗೆ ಇವತ್ತಿನ ಅಧಿಕಾರಿಗಳಷ್ಟು ತಾಳ್ಮೆ ಇರಲಿಲ್ಲ. ಇಬ್ಬರೂ ಸೇರಿ ಒಂದೇ ಮೈ ತಾಳಿ ಬಂದರು, ಕಡತ ಮುಕ್ತಾಯವಾಯಿತು. ಸಮನ್ವಯ ಸಭೆ ಎಂದು ಈಗ ಜಿಲ್ಲಾಧಿಕಾರಿ ಕಚೇರಿಯಲ್ಲಿ ನಡೆಯುವುದು ಇದರದೇ ಅನುಕರಣೆ. ಪಾಲಿಕೆ, ಸ್ಮಾರ್ಟ್ ಸಿಟಿ, ಜಲಸಿರಿ, ರೈಲ್ವೆ, ಹೆದ್ದಾರಿ ಪ್ರಾಧಿಕಾರ, ಬೆಸ್ಕಾಂ ಎಲ್ಲರೂ ಬರುತ್ತಾರೆ, ಗೋಡಂಬಿ ತಿನ್ನುತ್ತಾರೆ, ಸಚಿವರು ತರಾಟೆಗೆ ತೆಗೆದುಕೊಳ್ಳುತ್ತಾರೆ, ಮರುದಿನ ಪೇಪರಿನಲ್ಲಿ ತರಾಟೆಯ ಫೋಟೋ ಬರುತ್ತದೆ. ಒಂದು ಮೈ ಮಾತ್ರ ಆಗುವುದಿಲ್ಲ. ಪೈಪಿನವನು ಅಗೆದು ಹೋದ ಕಂದಕಕ್ಕೂ ರಸ್ತೆಯವನು ಹಾಕಬೇಕಾದ ಡಾಂಬರಿಗೂ ನಡುವೆ ಗುಹಾಸುರ ಕಾಲುಚಾಚಿ ಮಲಗಿರುತ್ತಾನೆ.

ರಕ್ಕಸನಿಗೆ ಇನ್ನೂ ವಿಶಾಲವಾದ ಮನೆ ಬೇಕೆಂದರೆ ನದಿಯಿದೆ. ಹರಿಹರದಲ್ಲಿ ತುಂಗಭದ್ರೆಯ ಈಚೆ ದಡ ದಾವಣಗೆರೆ ಜಿಲ್ಲೆ, ಆಚೆ ದಡದ ಕುಮಾರಪಟ್ಟಣ ರಾಣೆಬೆನ್ನೂರು ತಾಲ್ಲೂಕು, ಹಾವೇರಿ ಜಿಲ್ಲೆ. 1997ಕ್ಕೆ ಮುಂಚೆ ಈಚೆ ಚಿತ್ರದುರ್ಗ, ಆಚೆ ಧಾರವಾಡ. 1956ಕ್ಕೆ ಮುಂಚೆ ಈಚೆ ಮೈಸೂರು, ಆಚೆ ಮುಂಬಯಿ ರಾಜ್ಯ. ನೀರು ಮಾತ್ರ ಎಲ್ಲ ಕಾಲಕ್ಕೂ ಒಂದೇ. 1970ರ ದಶಕದ ಆರಂಭದಲ್ಲಿ ಆಚೆ ದಡದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಬಂತು. ಹೆಸರು ಈ ದಡದ್ದು, ಚಿಮಣಿ ಆ ದಡದ್ದು. ಅದರ ತ್ಯಾಜ್ಯ ಎರಡಕ್ಕೂ ಸೇರದ ನಡುವಿನ ಜಾಗಕ್ಕೆ. ಮೀನು ಸತ್ತು ತೇಲುತ್ತಿವೆ, ನೀರಿನ ಬಣ್ಣ ಕೆಟ್ಟಿದೆ, ವಾಸನೆ ತಡೆಯಲಾಗುವುದಿಲ್ಲ ಎಂದು ಕೆಳಗಿನ ಹಳ್ಳಿಗಳವರು ಗೋಳಾಡಿದರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ 1980ರ ದಶಕದಲ್ಲಿ ಇದರ ಬೆನ್ನು ಹತ್ತಿತು. ಊರಿನ ಗಟಾರವನ್ನು ರಸ್ತೆಗೆ ಬಿಟ್ಟ ಮನೆಯವನಿಗೆ ನಾವು ಏನನ್ನುತ್ತೇವೆ ಎಂದು ಗೊತ್ತಿದೆ. ಕಾರ್ಖಾನೆ ನದಿಗೆ ಬಿಟ್ಟದ್ದಕ್ಕೆ ಬಂದ ಪದ ‘ನಿಗದಿತ ಪ್ರಮಾಣ’.

ಅಲ್ಲಿಗೇ ಮುಗಿಯಲಿಲ್ಲ. ಕಾರ್ಖಾನೆಗೆ ನೀಲಗಿರಿ ಮರ ಬೇಕಿತ್ತು. 1984ರಲ್ಲಿ ಸರ್ಕಾರವೂ ಕಂಪನಿಯೂ ಪಾಲುದಾರರಾಗಿ ಕರ್ನಾಟಕ ಪಲ್ಪ್‌ವುಡ್ಸ್ ಎಂದೊಂದು ಸಂಸ್ಥೆ ಮಾಡಿ, ಸುಮಾರು 30,000 ಹೆಕ್ಟೇರ್ ಭೂಮಿಯಲ್ಲಿ ನೀಲಗಿರಿ ಬೆಳೆಸಲು ಹೊರಟವು. ಸಿ ಮತ್ತು ಡಿ ದರ್ಜೆಯ ಭೂಮಿ, ಪಾಳು, ಕೆಲಸಕ್ಕೆ ಬಾರದ್ದು ಎಂದು ಕಡತ ಹೇಳಿತು. ಹಳ್ಳಿಯವರ ದನ ಮೇಯುತ್ತಿದ್ದದ್ದು, ಸೌದೆ ಸೊಪ್ಪು ಸಿಗುತ್ತಿದ್ದದ್ದು ಅಲ್ಲೇ. ಇಲ್ಲಿ ನಮ್ಮ ಪದ ತನ್ನ ನಿಜವಾದ ರಾಜಕೀಯ ತೋರಿಸಿತು. ಮುಳ್ಳು, ಮುತ್ತುಗ, ಹುಲ್ಲು, ಜಾಲಿ, ಕಾರೆ, ಎಲ್ಲ ಒಂದರ ಮೇಲೊಂದು ಬಿದ್ದು ಬೆಳೆದ ಗೋಮಾಳ ಕಚೇರಿಯ ಕಣ್ಣಿಗೆ ಅಡ್ಡಾದಿಡ್ಡಿ. ಹಗ್ಗ ಹಿಡಿದು ನೆಟ್ಟಂತೆ ಸಾಲಾಗಿ ನಿಂತ ನೀಲಗಿರಿ, ಅಹಾ, ಏನು ಓರಣ! ದನ ಮೂಸಿ ನೋಡುವುದಿಲ್ಲ, ಹಕ್ಕಿ ಗೂಡು ಕಟ್ಟಲು ಹಿಂದೆಮುಂದೆ ನೋಡುತ್ತದೆ, ಬುಡದಲ್ಲಿ ಹುಲ್ಲು ಬಾರದು. ಅದಕ್ಕೇ ಅಷ್ಟು ಚೊಕ್ಕಟ.

1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿ ಆ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಹಣ್ಣಿನ, ಮೇವಿನ ಗಿಡ ಹಚ್ಚಿದರು. ಚಳವಳಿಯ ಹೆಸರು ಕಿತ್ತಿಕೊ-ಹಚ್ಚಿಕೊ. ನೋಡಿ, ಇದೂ ಒಂದು ಜೋಡುನುಡಿಯೇ, ಆದರೆ ಎರಡೂ ಭಾಗಕ್ಕೆ ಅರ್ಥವಿದೆ. ಅಕ್ರಮ-ಸಕ್ರಮದ ಪಕ್ಕದಲ್ಲಿಟ್ಟು ಓದಿದರೆ ವಿಧಾನಸೌಧದ ಕನ್ನಡಕ್ಕೂ ಹಾನಗಲ್ಲಿನ ಕನ್ನಡಕ್ಕೂ ಎಷ್ಟು ದೂರ ಎಂದು ತಿಳಿಯುತ್ತದೆ. ಓರಣವಾಗಿ ನಿಂತಿದ್ದ ಗಿಡ ಕಿತ್ತವರು ಸಹಜವಾಗಿಯೇ ಪುಂಡರ ಲೆಕ್ಕಕ್ಕೆ ಬಂದರು. ಪಲ್ಪ್‌ವುಡ್ಸ್ ವಿರುದ್ಧ ಶಿವರಾಮ ಕಾರಂತರೂ ಅರ್ಜಿದಾರರಾಗಿದ್ದ ಮೊಕದ್ದಮೆ ಅಷ್ಟರಲ್ಲಾಗಲೇ ಸುಪ್ರೀಂ ಕೋರ್ಟಿನಲ್ಲಿತ್ತು. ಕಾರಂತರನ್ನು ಪುಂಡ ಅನ್ನುವ ಧೈರ್ಯ ಮಾತ್ರ ಯಾರಿಗೂ ಬರಲಿಲ್ಲ, ಇಲ್ಲಿಯೂ ಆಳು ನೋಡಿಯೇ ಮಣೆ. 1991ರಲ್ಲಿ ಆ ಪಲ್ಪ್‌ವುಡ್ಸ್ ಸಂಸ್ಥೆಯನ್ನು ಸರ್ಕಾರ ಮುಚ್ಚಿತು.

ಈಚೆ ದಡದಲ್ಲಿ ಓರಣದ ಇನ್ನೊಂದು ಕತೆಯಿದೆ, ಚಿಕ್ಕದು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು. ಅಲ್ಲಿ ಮಾಡುತ್ತಿದ್ದದ್ದು ಲೇತ್ ಯಂತ್ರ, ಅಂದರೆ ಲೋಹವನ್ನು ಕೂದಲೆಳೆಯ ವ್ಯತ್ಯಾಸವೂ ಇಲ್ಲದಂತೆ ಕಡೆಯುವ ಯಂತ್ರ. ಊರಿಗೆ ಊರೇ ಆ ಸೈರನ್ನಿಗೆ ಗಡಿಯಾರ ಹೊಂದಿಸಿಕೊಂಡಿತ್ತು. ಒಂದು ದಾರ ಅಡ್ಡಾದಿಡ್ಡಿ ಕಡೆದರೆ ಫೋರ್‌ಮನ್ ಬಾಯಿಗೆ ಬಂದಂತೆ ಬೈಯುತ್ತಿದ್ದ. ಶತಮಾನ ಹೊರಳುವ ಹೊತ್ತಿಗೆ ಕಾರ್ಖಾನೆಯೇ ಮುಚ್ಚಿತು. ಅದಕ್ಕೆ ರೋಗಗ್ರಸ್ತ ಉದ್ದಿಮೆ ಅಂದರು. ದಾವಣಗೆರೆಯ ಗಿರಣಿಗಳಿಗೂ ಇದೇ ಕಾಯಿಲೆಯ ಹೆಸರು ಬರೆದಿದ್ದರು. ಕಾಯಿಲೆ ಗಿರಣಿಗೆ, ಸೂತಕ ಕಾರ್ಮಿಕರ ಕೇರಿಗೆ, ಆಸ್ತಿ ಸೈಟುಗಳಾಗಿ ಹಂಚಿಕೆ. ಕೆಲಸ ಕಳೆದುಕೊಂಡವರ ಮಕ್ಕಳು ಪಿ.ಬಿ. ರಸ್ತೆಯಲ್ಲಿ ಗೂಡ್ಸ್ ಆಟೋ ಓಡಿಸುತ್ತಾರೆ. ಅವರಿಗೆ ಏನನ್ನುತ್ತಾರೆಂದು ಆ ರಸ್ತೆಯ ಯಾವ ಸಿಗ್ನಲ್ಲಿನಲ್ಲಿ ನಿಂತರೂ ಕೇಳಿಸುತ್ತದೆ.

ಕಡೆಗೆ ಅಚ್ಚುಕಟ್ಟಿನ ಮಾತು. ಈ ಪದಕ್ಕೆ ಕನ್ನಡದಲ್ಲಿ ಎರಡು ಅರ್ಥ, ಒಂದು ಓರಣ, ಇನ್ನೊಂದು ನಾಲೆಯ ನೀರು ಹರಿಯುವ ಜಮೀನು. ದಾವಣಗೆರೆ ಮತ್ತು ಹರಿಹರ ಎರಡನೆಯ ಅರ್ಥದಲ್ಲಿ ಪರಮ ಅಚ್ಚುಕಟ್ಟಾದ ಊರುಗಳು. ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ ಹೊರಟ ಬಲದಂಡೆ ನಾಲೆ ದಾವಣಗೆರೆ ಶಾಖೆ, ಮಲೇಬೆನ್ನೂರು ಶಾಖೆ, ಹರಿಹರ ಶಾಖೆ ಎಂದು ಒಡೆದು ಇಲ್ಲಿಯ ಭತ್ತದ ಗದ್ದೆಗಳಿಗೆ ಬರುತ್ತದೆ. ಭದ್ರೆಯ ಒಟ್ಟು ಅಚ್ಚುಕಟ್ಟು 1 ಲಕ್ಷ ಹೆಕ್ಟೇರನ್ನೂ ಮೀರುತ್ತದೆ. ಇದನ್ನು ನೋಡಿಕೊಳ್ಳಲು ಅಚ್ಚುಕಟ್ಟು ಅಭಿವೃದ್ಧಿ ಪ್ರಾಧಿಕಾರವೇ ಇದೆ, ಜನ ಅದನ್ನು ಕಾಡಾ ಅನ್ನುತ್ತಾರೆ, ಶಿವಮೊಗ್ಗದಲ್ಲಿ ಕೂರುತ್ತದೆ. ಅಡ್ಡಾದಿಡ್ಡಿ ಅಭಿವೃದ್ಧಿಗೆ ಮಾತ್ರ ಈತನಕ ಪ್ರಾಧಿಕಾರ ಮಾಡಿಲ್ಲ. ಅಗತ್ಯವೂ ಬಿದ್ದಿಲ್ಲ.

ನಾಲೆಯ ಉದ್ದಕ್ಕೂ ಮೋಟಾರುಗಳು ಕೂತಿವೆ. ಗುಡ್ಡದ ಮೇಲಿನ ಅಡಿಕೆ ತೋಟಕ್ಕೆ, ಅಚ್ಚುಕಟ್ಟಿನಲ್ಲಿ ಹೆಸರೇ ಇಲ್ಲದ ಜಮೀನಿಗೆ ಪೈಪು ಎಳೆದು ನೀರು ಏರಿಸುತ್ತವೆ. ಇವಕ್ಕೆ ಅಕ್ರಮ ಪಂಪ್‌ಸೆಟ್ ಎಂದು ಹೆಸರು. ಪ್ರತಿ ಬೇಸಿಗೆ ತೆರವು ಕಾರ್ಯಾಚರಣೆ ನಡೆಯುತ್ತದೆ, ಕಾರ್ಯಾಚರಣೆಯ ಜೀಪು ತಿರುವು ದಾಟಿದ ಮೇಲೆ ಮೋಟಾರು ಮತ್ತೆ ನೀರಿಗಿಳಿಯುತ್ತದೆ. ಯಾರ ತೋಟ ಎಂದು ಊರಿಗೆಲ್ಲ ಗೊತ್ತು, ಕಡತಕ್ಕೆ ಮಾತ್ರ ಗೊತ್ತಿಲ್ಲ. ಮೇಲೆ ಹೀಗೆ ಹೀರಿಕೊಂಡು ಮಿಕ್ಕದ್ದು ಹರಿದು, ತೂಬುಗಳಲ್ಲಿ ಸೋರಿ, ಹೂಳಿನಲ್ಲಿ ಇಂಗಿ, ಹರಿಹರದ ಕಡೆಯ ಕೊನೆ ಭಾಗದ ಹಳ್ಳಿಗೆ ಬರುವಷ್ಟರಲ್ಲಿ ನಾಲೆ ಹುಡುಗರು ಕ್ರಿಕೆಟ್ ಆಡುವಷ್ಟು ಒಣಗಿರುತ್ತದೆ. 2023ರ ಬರದ ವರ್ಷ ಇದು ವಿಕೋಪಕ್ಕೆ ಹೋಯಿತು. ನಿರಂತರವಾಗಿ ನೀರು ಬಿಡುತ್ತೇವೆ ಅಂದವರು ನಡುವೆ ಆನ್-ಆಫ್ ಪದ್ಧತಿ ಅಂದರು. ಭತ್ತಕ್ಕೆ ಇಂಗ್ಲಿಷ್ ಬರುವುದಿಲ್ಲ, ಆಫ್ ಆದಾಗ ಅದು ಒಣಗಿತು.

ರೈತರು ಕಾಡಾಕ್ಕೆ ಹೋದರು, ಅಲ್ಲಿ ನೀರಾವರಿ ಇಲಾಖೆ ಕೇಳಿ ಅಂದರು. ನೀರಾವರಿಯವರು ಸಲಹಾ ಸಮಿತಿ ತೀರ್ಮಾನ ಅಂದರು. ಸಮಿತಿಯ ಸಭೆ ಮುಂದಕ್ಕೆ ಹೋಗಿತ್ತು. ಜಿಲ್ಲಾಧಿಕಾರಿಗಳಿಗೆ ಮನವಿ ಕೊಟ್ಟು, ಮನವಿಯ ಪ್ರತಿಯನ್ನು ಮಡಚಿ ಜೇಬಿಗಿಟ್ಟುಕೊಂಡು, ಕೊನೆಗೆ ಹಸಿರು ಶಾಲು ಹೆಗಲಿಗೆ ಹಾಕಿ ಟ್ರ್ಯಾಕ್ಟರು ತಂದು ರಸ್ತೆಗೆ ಅಡ್ಡ ನಿಲ್ಲಿಸಿದರು. ಇಂಥ ಬೆಳಗುಗಳ ಮಾರನೆಯ ದಿನದ ಪೇಪರು ಹೇಗಿರುತ್ತದೆಂದು ಓದುಗರಿಗೆ ಬಾಯಿಪಾಠ. ಅಗೆದ ರಸ್ತೆಗೆ ಸಿಗದ, ನದಿಗೆ ಬಿಟ್ಟ ತ್ಯಾಜ್ಯಕ್ಕೆ ಸಿಗದ, ನಾಲೆಗಿಳಿದ ಮೋಟಾರಿಗೆ ಸಿಗದ ಪದ ಅಲ್ಲಿ ದಪ್ಪ ಅಕ್ಷರದಲ್ಲಿ ಸಿಗುತ್ತದೆ: ‘ರೈತರಿಂದ ರಸ್ತೆ ತಡೆ, ಸಂಚಾರ ಅಸ್ತವ್ಯಸ್ತ, ಸಾರ್ವಜನಿಕರ ಪರದಾಟ.’